ಮಟಮಟ ಮಧ್ಯಾಹ್ನದ ಫೋಟೋ: ಹಳೇ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ಶುರು ಮಾಡಿದ ನನ್ನ ಅನುಭವ

ನಾನು ಮದುವೆ ಫೋಟೋ ತೆಗೆಯೋನು, ಮೈಸೂರು ಮಂಡ್ಯ ಪಾಂಡವಪುರ ಕಡೆ ಹದಿನೈದು ವರ್ಷದಿಂದ ಇದೇ ಕೆಲಸ. ನಮ್ಮ ಲೈನ್‌ನಲ್ಲಿ ಔಟ್‌ಡೋರ್ ಅಂದ್ರೆ ಬೆಳಿಗ್ಗೆ ಎಂಟೂವರೆ ಒಳಗೆ ಮುಗಿಸ್ಬೇಕು, ಇಲ್ಲಾಂದ್ರೆ ಸಂಜೆ ನಾಲ್ಕೂವರೆ ಮೇಲೆ ಇಟ್ಕೋಬೇಕು. ನೆತ್ತಿ ಮೇಲೆ ಸೂರ್ಯ ಬಂದಾಗ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತೆ, ಆಕಾಶ ಬಿಳಚಿಕೊಳ್ಳುತ್ತೆ, ಆ ಹೊತ್ತಲ್ಲಿ ಕ್ಯಾಮೆರಾ ಬ್ಯಾಗಿಂದ ಆಚೆ ತೆಗೀತಾನೇ ಇರ್ಲಿಲ್ಲ. ಈಗ ನಾಲ್ಕು ವರ್ಷದಿಂದ ಕೆಲಸ ಇಲ್ಲದ ದಿನ ಹನ್ನೊಂದೂವರೆಗೆ ಮನೆ ಬಿಡ್ತೀನಿ, ಮೂರು ಗಂಟೆಗೆ ವಾಪಸ್ ಬರ್ತೀನಿ. ಯಾಕಂದ್ರೆ ಕಣ್ಣಿಗೆ ಕಾಣದ ಬೆಳಕಲ್ಲಿ ತೆಗೆಯೋ ಇನ್‌ಫ್ರಾರೆಡ್ ಫೋಟೋಗೆ ಬೇಕಾಗಿರೋದೇ ಆ ಉರಿಬಿಸಿಲು.

ಶುರುವಾಗಿದ್ದು ನಮ್ಮ ಸೋದರಮಾವನ ಸ್ಟುಡಿಯೋದಲ್ಲಿ. ಅವರು ಅಂಗಡಿ ಮುಚ್ತಾ ಇದ್ರು, ನಾನು ಸಾಮಾನು ಸಾಗಿಸೋಕೆ ಹೋಗಿದ್ದೆ. ಒಂದು ಬಿಸ್ಕತ್ ಡಬ್ಬದ ತುಂಬ ಕಲರ್ ನೆಗೆಟಿವ್ ತುಂಡುಗಳಿದ್ವು, ರೋಲ್ ಲೋಡ್ ಮಾಡುವಾಗ ಬೆಳಕು ಬಿದ್ದು ಡೆವಲಪ್ ಆದ್ಮೇಲೆ ಪೂರ್ತಿ ಕಪ್ಪಾಗಿರೋ ತುದಿಗಳು. ಬಿಸಾಕೋಣ ಅಂತ ಎತ್ತಿಕೊಂಡ್ರೆ ಮಾವ ತಡೆದ್ರು. "ಲೋ, ಇರು, ಅದನ್ನ ಎರಡು ಪದರ ಮಾಡಿ ಲೆನ್ಸ್ ಮುಂದೆ ಹಿಡಿದು ನೋಡು, ಕಣ್ಣಿಗೆ ಏನೂ ಕಾಣಲ್ಲ, ಆದ್ರೆ ಕ್ಯಾಮೆರಾಗೆ ಕಾಣುತ್ತೆ" ಅಂದ್ರು. ನನಗೆ ನಂಬಿಕೆ ಬರ್ಲಿಲ್ಲ. ಅವತ್ತು ರಾತ್ರಿ ಮನೇಲಿ ಲೈಟ್ ಎಲ್ಲ ಆರಿಸಿ, ಮೂಲೇಲಿ ಬಿದ್ದಿದ್ದ ಹಳೇ ನಿಕಾನ್ ಡಿ70 ತಗೊಂಡು, ಟಿವಿ ರಿಮೋಟ್‌ನ ಬಟನ್ ಒತ್ತಿ ಹಿಡ್ಕೊಳ್ಳೋಕೆ ಮಗಳಿಗೆ ಹೇಳಿ, ನೆಗೆಟಿವ್ ಅಡ್ಡ ಇಟ್ಟು ಎರಡು ಸೆಕೆಂಡ್ ಶಟರ್ ಬಿಟ್ಟೆ. ಸ್ಕ್ರೀನ್ ಮೇಲೆ ರಿಮೋಟ್‌ನ ತುದಿ ಹಣತೆ ಥರ ಉರೀತಾ ಇತ್ತು. ಮಗಳು "ಅಪ್ಪ, ಇದು ಯಾವಾಗ್ಲೂ ಹಿಂಗೇ ಉರೀತಿತ್ತಾ?" ಅಂತ ಕೇಳಿದ್ಳು. ಹೌದು, ರಿಮೋಟ್‌ನಿಂದ ಬರೋ ಇನ್‌ಫ್ರಾರೆಡ್ ಯಾವಾಗ್ಲೂ ಉರೀತಾನೇ ಇತ್ತು, ನಮ್ಮ ಕಣ್ಣಿಗೆ ಮಾತ್ರ ಅದು ಇಲ್ಲ.

ವಿಷ್ಯ ಇಷ್ಟು. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ವರೆಗಿನ ತರಂಗಾಂತರದ ಬೆಳಕು ನೋಡುತ್ತೆ, ಕೆಂಪು ಮುಗಿದ ಮೇಲೆ ಬರೋದೇ ಇನ್‌ಫ್ರಾರೆಡ್, ಸ್ಕೂಲಲ್ಲಿ ಅವಕೆಂಪು ಅಂತ ಓದಿದ್ವಲ್ಲ ಅದು. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ತನಕ ನೋಡಬಲ್ಲದು, ಆದ್ರೆ ಹಾಗೆ ಬಿಟ್ರೆ ಬಣ್ಣ ಕೆಟ್ಟುಹೋಗುತ್ತೆ ಅಂತ ಕಂಪನಿಯವರು ಸೆನ್ಸರ್ ಮುಂದೆ ಅದನ್ನ ತಡೆಯೋ ಒಂದು ಗಾಜು ಕೂರಿಸಿರ್ತಾರೆ. ಈಗಿನ ಕ್ಯಾಮೆರಾಗಳಲ್ಲಿ ಈ ಗಾಜು ಬಹಳ ಗಟ್ಟಿ, 2004ರಲ್ಲಿ ಬಂದ ಡಿ70ಯಂಥ ಹಳೇ ಮಾಡೆಲ್‌ಗಳಲ್ಲಿ ಸ್ವಲ್ಪ ಸಡಿಲ, ಸಾಕಷ್ಟು ಇನ್‌ಫ್ರಾರೆಡ್ ಒಳಗೆ ನುಸುಳುತ್ತೆ. ಹಾಗಾಗಿ ನಾನು ಮದುವೆಗೆ ಬಳಸೋ ಹೊಸ ಕ್ಯಾಮೆರಾದಲ್ಲಿ ಬಿಸಿಲಲ್ಲೂ ಮೂವತ್ತು ಸೆಕೆಂಡ್, ಒಂದು ನಿಮಿಷ ಬೇಕಾಗಿದ್ದ ಫೋಟೋ ಈ ಆರು ಮೆಗಾಪಿಕ್ಸೆಲ್ ಡಬ್ಬದಲ್ಲಿ ಒಂದೆರಡು ಸೆಕೆಂಡ್‌ಗೆ ಬರ್ತಿತ್ತು. ಮನೇಲಿ ಹಳೇ ಕ್ಯಾಮೆರಾ ಇದ್ರೆ ಮಾರಬೇಡಿ, ಮೊದ್ಲು ರಿಮೋಟ್ ಪರೀಕ್ಷೆ ಮಾಡಿ ನೋಡಿ.

ಇನ್ನೊಂದು ಗೊಂದಲ ಸುಮಾರು ಜನಕ್ಕಿದೆ, ಇನ್‌ಫ್ರಾರೆಡ್ ಅಂದ್ರೆ ಮೈ ಶಾಖ ಕಾಣುತ್ತೆ ಅಂದ್ಕೊಂಡಿರ್ತಾರೆ. ಅಲ್ಲ. ಶಾಖ ನೋಡೋ ಥರ್ಮಲ್ ಕ್ಯಾಮೆರಾ ಕೆಲಸ ಮಾಡೋದು 8ರಿಂದ 14 ಮೈಕ್ರೋಮೀಟರ್, ಅಂದ್ರೆ 8000ದಿಂದ 14000 ನ್ಯಾನೋಮೀಟರ್ ಆಸುಪಾಸಲ್ಲಿ, ನಮ್ಮದಕ್ಕಿಂತ ಹತ್ತು ಪಟ್ಟಿಗೂ ದೂರ. ನಮ್ಮ ಫೋಟೋದಲ್ಲಿ ಬರೋದು ಬಿಸಿಲು ವಸ್ತು ಮೇಲೆ ಬಿದ್ದು ವಾಪಸ್ ಬಂದ ಬೆಳಕು ಅಷ್ಟೇ.

ನೆಗೆಟಿವ್ ತುಂಡನ್ನ ಮಧ್ಯೆ ತೂತು ಕೊರೆದ ರಟ್ಟಿನ ಬಿಲ್ಲೆಗೆ ಅಂಟಿಸಿ, 50 ಎಂಎಂ ಲೆನ್ಸ್ ಮುಂದೆ ಟೇಪ್ ಹಾಕಿ ಕೂರಿಸ್ದೆ. ಇದಕ್ಕೆ ಕಲರ್ ನೆಗೆಟಿವೇ ಆಗ್ಬೇಕು, ಅದರಲ್ಲಿ ಡೆವಲಪ್ ಮಾಡುವಾಗ ಬೆಳ್ಳಿ ತೊಳೆದುಹೋಗಿ ಬರೀ ಬಣ್ಣ ಉಳಿದಿರುತ್ತೆ, ಆ ಬಣ್ಣ ಇನ್‌ಫ್ರಾರೆಡ್ ತಡೆಯಲ್ಲ. ಸಾಮಾನ್ಯ ಬ್ಲಾಕ್ ಅಂಡ್ ವೈಟ್ ನೆಗೆಟಿವ್‌ನಲ್ಲಿ ಬೆಳ್ಳಿ ಹಾಗೇ ಇರೋದ್ರಿಂದ ಎಲ್ಲಾನೂ ತಡೆಯುತ್ತೆ. ಮೊದಲ ಫೋಟೋ ಮನೆ ಹಿಂದಿನ ನುಗ್ಗೆ ಮರ. ಮಸುಕಾಗಿತ್ತು, ಗೀರುಗಳೆಲ್ಲ ಕಾಣ್ತಿದ್ವು, ಪೂರ್ತಿ ಕುಂಕುಮದ ಬಣ್ಣ, ಆದ್ರೂ ಆ ಸಣ್ಣ ಸಣ್ಣ ಎಲೆ ಒಂದೊಂದೂ ಹೊಳೀತಾ ಇದ್ದಿದ್ದು ನೋಡಿ ನನಗೆ ಅವತ್ತು ಊಟ ಸೇರ್ಲಿಲ್ಲ. ಆ ಫೈಲ್ ಇವತ್ತೂ ಇಟ್ಕೊಂಡಿದೀನಿ.

ಫೋಟೋ ಮಧ್ಯದಲ್ಲಿ ಒಂದು ಬಿಳೀ ಮಚ್ಚೆ ಮಾತ್ರ ಎಷ್ಟು ತೆಗೆದ್ರೂ ಹೋಗ್ತಿರ್ಲಿಲ್ಲ. ನೆಗೆಟಿವ್ ತಪ್ಪು ಅಂದ್ಕೊಂಡು ನಾಲ್ಕು ಸಲ ಬದಲಾಯಿಸ್ದೆ. ಅದು ಲೆನ್ಸ್‌ನ ಸಮಸ್ಯೆ, ಇದಕ್ಕೆ ಹಾಟ್‌ಸ್ಪಾಟ್ ಅಂತಾರೆ. ಲೆನ್ಸ್ ಒಳಗಿನ ಕೋಟಿಂಗ್ ಮಾಮೂಲಿ ಬೆಳಕಿಗೆ ಅಂತ ಮಾಡಿರೋದು, ಇನ್‌ಫ್ರಾರೆಡ್ ಒಳಗೇ ಪುಟಿದು ಮಧ್ಯಕ್ಕೆ ಬಂದು ಬೀಳುತ್ತೆ, ಅಪರ್ಚರ್, ಅಂದ್ರೆ ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿ, ಸಣ್ಣ ಮಾಡಿದಷ್ಟೂ (ಎಫ್ ನಂಬರ್ ದೊಡ್ಡದಾದಷ್ಟೂ ಕಿಂಡಿ ಸಣ್ಣ) ಮಚ್ಚೆ ಗಟ್ಟಿಯಾಗುತ್ತೆ. ಎಫ್16ರಲ್ಲಿ ಕಣ್ಣಿಗೆ ಹೊಡೆಯೋ ಹಾಗಿದ್ದಿದ್ದು ಎಫ್4ರಲ್ಲಿ ಹೆಚ್ಚುಕಮ್ಮಿ ಮಾಯ. ಕ್ಯಾಮೆರಾ ಜೊತೆ ಬಂದಿದ್ದ 18-70 ಝೂಮ್ ಹಾಕಿದ್ರೆ ಮಚ್ಚೆನೇ ಇಲ್ಲ! ದುಬಾರಿ ಲೆನ್ಸ್ ಚೆನ್ನಾಗಿರುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ನಿಮ್ಮತ್ರ ಇರೋ ಒಂದೊಂದು ಲೆನ್ಸನ್ನೂ ಎಫ್4, ಎಫ್8, ಎಫ್11ಕ್ಕೆ ಇಟ್ಟು ಬಿಸಿಲಲ್ಲಿ ತೆಗೆದು ನೋಡ್ಬೇಕು.

ಎರಡು ತಿಂಗಳು ನೆಗೆಟಿವ್‌ನಲ್ಲೇ ಕಳೆದು, ಇದು ನನ್ನ ಬಿಡಲ್ಲ ಅಂತ ಗೊತ್ತಾದ್ಮೇಲೆ ಹೋಯಾ ಆರ್72 ಫಿಲ್ಟರ್ ತಗೊಂಡೆ, 67 ಎಂಎಂ ಸೈಜ್‌ದು. 720 ನ್ಯಾನೋಮೀಟರ್ ಆಸುಪಾಸಿಂದ ಆಚೆಯದ್ದನ್ನ ಮಾತ್ರ ಬಿಡೋ ಗಾಜು, ಕೈಯಲ್ಲಿ ಹಿಡಿದ್ರೆ ಕಪ್ಪು ಬಿಲ್ಲೆ, ಟ್ಯೂಬ್‌ಲೈಟ್ ಕಡೆ ಹಿಡಿದ್ರೂ ಏನೂ ಕಾಣಲ್ಲ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಇದರ ಮೂಲಕ ಸೂರ್ಯನ್ನ ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ, ಗ್ರಹಣಕ್ಕಂತೂ ಬೇಡವೇ ಬೇಡ. ಕಪ್ಪಗಿದೆ ಅಂತ ಕಣ್ಣಿಗೆ ಧೈರ್ಯ ಬರುತ್ತೆ, ಆದ್ರೆ ಇನ್‌ಫ್ರಾರೆಡ್ ಪೂರ್ತಿ ಒಳಗೆ ಹೋಗ್ತಾ ಇರುತ್ತೆ, ಕಣ್ಣಿನ ಪಾಪೆ ಕತ್ತಲು ಅಂದ್ಕೊಂಡು ಇನ್ನೂ ಅಗಲ ಆಗಿರುತ್ತೆ. ನೆಗೆಟಿವ್‌ಗೂ ಇದೇ ಮಾತು.

ಡಿ70ಯಲ್ಲಿ ಲೈವ್ ವ್ಯೂ ಇಲ್ಲ, ಅಂದ್ರೆ ತೆಗೆಯೋ ಮುಂಚೆ ಸ್ಕ್ರೀನ್ ಮೇಲೆ ನೋಡೋಕೆ ಆಗಲ್ಲ, ಫಿಲ್ಟರ್ ಹಾಕಿದ ಮೇಲೆ ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಕತ್ತಲು. ಹಾಗಾಗಿ ಟ್ರೈಪಾಡ್ ನೆಟ್ಟು, ಫಿಲ್ಟರ್ ಇಲ್ಲದೆ ಫ್ರೇಮ್ ಇಟ್ಟು, ಆಟೋಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿ, ಆಮೇಲೆ ಫೋಕಸ್ ರಿಂಗ್ ಅಲ್ಲಾಡದ ಹಾಗೆ ಫಿಲ್ಟರ್ ತಿರುಗಿಸಿ ಕೂರಿಸ್ಬೇಕು. ಆದ್ರೂ ಮೊದಮೊದಲು ಶಾರ್ಪ್ ಬರ್ತಿರ್ಲಿಲ್ಲ. ಕಾರಣ ಹುಡುಕೋಕೆ ಹೊಲದ ಬೇಲಿ ಕಲ್ಲುಕಂಬಗಳ ಸಾಲಿಗೆ ಓರೆಯಾಗಿ ನಿಂತು ಮೂರನೇ ಕಂಬಕ್ಕೆ ಫೋಕಸ್ ಮಾಡ್ದೆ, ಫೋಟೋದಲ್ಲಿ ಶಾರ್ಪ್ ಆಗಿ ಬಂದಿದ್ದು ಐದನೇದು. ಇನ್‌ಫ್ರಾರೆಡ್ ಲೆನ್ಸ್‌ನಲ್ಲಿ ಕಮ್ಮಿ ಬಾಗೋದ್ರಿಂದ ಫೋಕಸ್ ಹಿಂದಕ್ಕೆ ಜಾರುತ್ತೆ, ರಿಂಗನ್ನ ಒಂದು ಚೂರು ಹತ್ತಿರದ ಕಡೆ ತಿರುಗಿಸಿದ್ರೆ ಸರಿಹೋಗುತ್ತೆ. ಮಾವನ ಹಳೇ ಮ್ಯಾನುಯಲ್ ಲೆನ್ಸ್ ಮೇಲೆ ಇದಕ್ಕೆ ಅಂತಾನೇ ಕೆಂಪು ಗುರುತು ಇತ್ತು, ಅಷ್ಟು ವರ್ಷ ಆ ಲೆನ್ಸ್ ಹಿಡಿದಿದ್ರೂ ಅದು ಏನಂತ ನಾನು ಕೇಳಿರ್ಲಿಲ್ಲ. ಈಗ ಎಫ್8ಕ್ಕೆ ಇಟ್ಟು ವೈಡ್‌ನಲ್ಲೇ ತೆಗೀತೀನಿ, ಆಗ ಸಣ್ಣಪುಟ್ಟ ವ್ಯತ್ಯಾಸ ಮುಚ್ಚಿಹೋಗುತ್ತೆ. ಇನ್ನೊಂದು, ಬೆನ್ನ ಹಿಂದೆ ಬಿಸಿಲಿದ್ರೆ ವ್ಯೂಫೈಂಡರ್ ಕಿಂಡಿಯಿಂದ ಬೆಳಕು ನುಗ್ಗಿ ಫೋಟೋ ಅಡ್ಡಕ್ಕೆ ನೇರಳೆ ಪಟ್ಟೆ ಬರುತ್ತೆ, ಕರ್ಚೀಫ್ ಸುತ್ತಿ ಮುಚ್ಚಿ.

ಬಣ್ಣದ ವಿಷ್ಯ ಸ್ವಲ್ಪ ತಾಳ್ಮೆ ಬೇಡುತ್ತೆ. ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದ್ರೆ ಯಾವುದು ಬಿಳಿ ಅಂತ ಕ್ಯಾಮೆರಾನೇ ತೀರ್ಮಾನ ಮಾಡಿದ್ರೆ, ಎಲ್ಲ ಕೆಂಪೇ. ಫಿಲ್ಟರ್ ಹಾಕ್ಕೊಂಡೇ, ಬಿಸಿಲಿಗಿರೋ ಹುಲ್ಲನ್ನ ಫ್ರೇಮ್ ತುಂಬ ಇಟ್ಟು ಕಸ್ಟಮ್ ವೈಟ್ ಬ್ಯಾಲೆನ್ಸ್ ಅಳೆದುಕೊಂಡ್ರೆ ಎಲೆ ಬಿಳಿಯಾಗುತ್ತೆ, ಆಕಾಶ ತಾಮ್ರದ ಚೆಂಬಿನ ಬಣ್ಣಕ್ಕೆ ಬರುತ್ತೆ. ರಾ ಫೈಲ್‌ನಲ್ಲೇ, ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಡೋ ಫೈಲ್‌ನಲ್ಲೇ ತೆಗೀಬೇಕು, ಕೆಂಪು ಚಾನೆಲ್ (ಫೋಟೋದ ಕೆಂಪು ಪಾಲು) ಬೇಗ ತುಂಬಿ ಸುಟ್ಟುಹೋಗುತ್ತೆ, ಅದಕ್ಕೆ ಎಕ್ಸ್‌ಪೋಷರ್, ಅಂದ್ರೆ ಒಳಗೆ ಬಿಡೋ ಬೆಳಕು, ಇಳಿಸ್ತೀನಿ. ಲೈಟ್‌ರೂಮ್‌ನಲ್ಲಿ ವೈಟ್ ಬ್ಯಾಲೆನ್ಸ್ ಟೆಂಪರೇಚರ್ 2000 ಕೆಲ್ವಿನ್‌ಗಿಂತ ಕೆಳಗೆ ಇಳಿಯಲ್ಲ, ಅಲ್ಲಿ ಕ್ಯಾಮೆರಾ ಪ್ರೊಫೈಲ್ ಬೇರೆ ಮಾಡ್ಕೋಬೇಕು, ನಾನು ಅದರ ಗೋಜಿಗೆ ಹೋಗದೆ ರಾಥೆರಪಿ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸ್ತೀನಿ. ಆಮೇಲೆ ಜಿಂಪ್ ಅನ್ನೋ ಫೋಟೋ ಸಾಫ್ಟ್‌ವೇರ್‌ನಲ್ಲಿ ಚಾನೆಲ್ ಮಿಕ್ಸರ್ ತೆಗೆದು ಕೆಂಪಿನ ಜಾಗಕ್ಕೆ ನೀಲಿ 100, ನೀಲಿ ಜಾಗಕ್ಕೆ ಕೆಂಪು 100 ಕೊಟ್ಟು ಅದಲುಬದಲು ಮಾಡಿದ್ರೆ ಆಕಾಶ ನೀಲಿ ಆಗುತ್ತೆ, ಎಲೆ ಕೆನೆಬಣ್ಣಕ್ಕೆ ತಿರುಗುತ್ತೆ. ನನಗೆ ವೈಯಕ್ತಿಕವಾಗಿ ಕಪ್ಪು ಬಿಳುಪೇ ಇಷ್ಟ, ಹತ್ತರಲ್ಲಿ ಎಂಟು ಫೋಟೋ ಅದರಲ್ಲೇ ಮುಗಿಸ್ತೀನಿ.

ಎಲೆ ಯಾಕೆ ಬೆಳ್ಳಗಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಎಲೆಯ ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನ ಹೀರ್ಕೊಳ್ಳುತ್ತೆ, ಇನ್‌ಫ್ರಾರೆಡ್ ಅದಕ್ಕೆ ಬೇಡ. ಅದು ಒಳಗೆ ಹೋಗಿ ಜೀವಕೋಶಗಳ ಮಧ್ಯದ ಗಾಳಿ ಸಂದುಗಳಲ್ಲಿ ಚದುರಿ ದೊಡ್ಡ ಪಾಲು ವಾಪಸ್ ಬರುತ್ತೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲೇ ಇಂಥ ಫೋಟೋ ತೆಗೆದು ಪ್ರಕಟಿಸಿದ್ರು, ಅವರ ಹೆಸರಲ್ಲೇ ಇದನ್ನ ವುಡ್ ಎಫೆಕ್ಟ್ ಅಂತಾರೆ, ವುಡ್ ಅಂದ್ರೆ ಮರ ಅಲ್ಲ. ನೀರು ಇದಕ್ಕೆ ವಿರುದ್ಧ, ಇನ್‌ಫ್ರಾರೆಡ್ ಹೀರ್ಕೊಂಡು ಕಪ್ಪಾಗುತ್ತೆ. ತೊಣ್ಣೂರು ಕೆರೆ ನೋಡಿದೋರಿಗೆ ಅದರ ತಿಳಿನೀರು ಗೊತ್ತು, ನನ್ನ ಫೋಟೋದಲ್ಲಿ ಅದು ಕಾಡಿಗೆ ಬಳಿದ ಬಟ್ಟಲಿನ ಹಾಗಿದೆ, ಸುತ್ತ ಗಿಡಗಳು ಮಲ್ಲಿಗೆ ಬಿಡಿಸಿಟ್ಟ ಹಾಗೆ, ಬಂಡೆಗಳು ಮಾತ್ರ ಬಂಡೆಗಳ ಹಾಗೇ. ಶುಭ್ರ ನೀಲಿ ಆಕಾಶವೂ ಕಪ್ಪಾಗುತ್ತೆ, ಮೋಡ ಬಿಳೀನೇ ಉಳಿಯುತ್ತೆ. ಅದಕ್ಕೇ ನನಗೆ ಅಕ್ಟೋಬರ್ ನವೆಂಬರ್ ಅಂದ್ರೆ ಹಬ್ಬ.

ಮನೇಲೂ ಒಂದು ಪ್ರಯೋಗ ಮಾಡಿ. ಎಲ್‌ಇಡಿ ಬಲ್ಬ್ ಕೆಳಗೆ ಫಿಲ್ಟರ್ ಹಾಕಿ ತೆಗೆದ್ರೆ ಹೆಚ್ಚುಕಮ್ಮಿ ಕತ್ತಲು, ಅದರಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಅನ್ನಬಹುದು. ಹಳೇ ಬುರುಡೆ ಬಲ್ಬ್ ಹಾಕಿ, ಇಲ್ಲಾ ದೇವರ ಮುಂದೆ ಎಣ್ಣೆ ದೀಪ ಹಚ್ಚಿ ತೆಗೀರಿ, ಹಗಲಾದ ಹಾಗಿರುತ್ತೆ.

ಹೋದ ವರ್ಷ ಇನ್ನೊಂದು ಹಳೇ ಕ್ಯಾಮೆರಾನ ಅಂಗಡಿಯೊಂದರಲ್ಲಿ ಕೊಟ್ಟು ಕನ್ವರ್ಟ್ ಮಾಡಿಸ್ದೆ, ಅಂದ್ರೆ ಸೆನ್ಸರ್ ಮುಂದಿನ ತಡೆಗಾಜು ತೆಗೆದು 720ರ ಗಾಜು ಕೂರಿಸೋದು. ವಾಪಸ್ ಬಂದಾಗ ಗಾಜಿನ ಒಳಗೆ ಧೂಳು, ಫೋಕಸ್ಸೂ ಹೊಂದಿಸಿರ್ಲಿಲ್ಲ, ಎರಡನೇ ಸಲ ಕಳಿಸಿ ಸರಿ ಮಾಡಿಸ್ಬೇಕಾಯ್ತು. ಕೊಡೋ ಮುಂಚೆ ಫೋಕಸ್ ಹೊಂದಿಸಿ ಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ನೀವೇ ಬಿಚ್ಚೋಕೆ ಹೋಗಬೇಡಿ, ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ 300 ವೋಲ್ಟ್ ಆಸುಪಾಸು ಉಳಿದಿರಬಹುದು. ಸರಿಯಾದ್ಮೇಲೆ ಕೈಯಲ್ಲೇ ಹಿಡಿದು ತೆಗೆಯೋ ಹಾಗಾಗಿದೆ, ಜನರ ಫೋಟೋನೂ ಬರುತ್ತೆ. ಚರ್ಮ ಮೇಣದ ಹಾಗೆ ನುಣುಪು, ಕಣ್ಣು ಕಡುಕಪ್ಪು, ನೆಂಟರ ಹುಡುಗನ ಕಪ್ಪು ಕೋಟು ಬೂದುಬಿಳುಪಾಗಿ ಬಂದಿತ್ತು. ಆದ್ರೂ ಶುರುವಿಗೇ ಕನ್ವರ್ಟ್ ಮಾಡಿಸಬೇಡಿ. ಟ್ರೈಪಾಡ್ ಹಿಂದೆ ನಿಂತು ಗಾಳಿ ನಿಲ್ಲೋದನ್ನ ಕಾಯೋದ್ರಲ್ಲೇ ನನಗೆ ಬೆಳಕು ಅರ್ಥವಾಗಿದ್ದು.

ಕರೀಘಟ್ಟದ ಬುಡದಲ್ಲಿ ಲೋಕಪಾವನಿ ಹೊಳೆ ಹತ್ರ ಒಂದು ತೆಂಗಿನ ತೋಟ ಇದೆ. ತೋಟದ ಯಜಮಾನ್ರು ಎಪ್ಪತ್ತು ದಾಟಿದೋರು, ನಾನು ಬಿಸಿಲಲ್ಲಿ ನಿಂತು ಗಾಳಿ ಕಾಯ್ತಿದ್ರೆ ಬಂದು "ಏನಪ್ಪ, ಯಾಕಿಂಗೆ ಬಿಸ್ಲಲ್ ಬೇಯ್ತಿದ್ದೀಯ, ಬಾ ನೆಳ್ಳಿಗೆ" ಅಂದ್ರು. ಕ್ಯಾಮೆರಾ ಹಿಂದೆ ತೋರಿಸ್ದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಇದ್ಯಾಕಪ್ಪ, ನಮ್ ತೋಟ ವಿಭೂತಿ ಬಳ್ಕಂಡಂಗೈತೆ?" ಅಂದ್ರು. ಆಮೇಲೆ ಒಂದು ಮರದ ಮೇಲೆ ಬೆರಳಿಟ್ಟು "ಇದೊಂದು ಯಾಕೆ ಮಂಕಾಗದೆ?" ಅಂತ ಕೇಳಿದ್ರು. ಅದು ಗರಿ ಒಣಗ್ತಾ ಇದ್ದ ಮರ, ಒಣಗಿದ ಗರಿ ಬಿಳಿ ಹೊಳೆಯಲ್ಲ, ಬೂದಿ ಬಣ್ಣಕ್ಕೆ ಬರುತ್ತೆ. 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾದಲ್ಲೂ ಇದೇ ಇನ್‌ಫ್ರಾರೆಡ್‌ಗೆ ಅಂತ ಒಂದು ಬ್ಯಾಂಡ್, ಅಂದ್ರೆ ಬೆಳಕಿನ ಪಟ್ಟಿ, ಇತ್ತು, ಮೇಲಿಂದ ಬೆಳೆ ಎಷ್ಟು ಹಸನಾಗಿದೆ ಅಂತ ನೋಡೋದು ಹಿಂಗೇನೇ, ಕೆಂಪು ಎಷ್ಟು ಹೀರ್ಕೊಂಡಿದೆ, ಇನ್‌ಫ್ರಾರೆಡ್ ಎಷ್ಟು ವಾಪಸ್ ಬಿಟ್ಟಿದೆ ಅಂತ ಹೋಲಿಸಿ. ಯಜಮಾನ್ರಿಗೆ ಇದನ್ನ ಹೇಳ್ದೆ, ಗಮನ ಇಟ್ಟು ಕೇಳಿದ್ರು.

ದೀಪಾವಳಿ ಹೊತ್ತಿಗೆ ಆ ಫೋಟೋದ ದೊಡ್ಡ ಪ್ರಿಂಟ್ ಕೊಟ್ಟು ಬಂದೆ, ಹಜಾರದಲ್ಲಿ ತೂಗುಹಾಕಿದಾರೆ. ಈ ಬೇಸಿಗೇಲಿ ಮತ್ತೆ ಬರ್ತೀನಿ ಅಂತ ಫೋನ್ ಮಾಡಿದ್ರೆ ಅವರೇ ಬೇಡ ಅಂದ್ರು. "ಈಗ ಗರಿ ಮ್ಯಾಲೆಲ್ಲ ಧೂಳು ಕುಂತದೆ ಕಣಪ್ಪ. ಎರಡು ಮಳೆ ಆಗ್ಲಿ, ತೊಳ್ಕಂಡ್ ಮ್ಯಾಲೆ ಬಾ. ಹನ್ನೆರಡು ಗಂಟೆಗೇ ಬಾ."