ಫೋನಿನಿಂದ ಮನೆಗೊಂದು ಸುರಂಗ

ಊರಿಗೆ ಹೋದಾಗಲೇ ಮನೆಯ ಕಂಪ್ಯೂಟರಿನಲ್ಲಿರುವ ಫೈಲು ಬೇಕಾಗುತ್ತದೆ, ಅಲ್ವಾ? ಅದಕ್ಕೇ ವಿಪಿಎನ್ ಸುರಂಗ. ಒಂದು ಪ್ಯಾಕೆಟ್ಟಿಗೆ, ಅಂದರೆ ಡೇಟಾದ ತುಂಡಿಗೆ, ಬೀಗ ಹಾಕಿ, ಇನ್ನೊಂದರ ಹೊಟ್ಟೆಯಲ್ಲಿಟ್ಟು ಕಳಿಸುವುದು. ದಾರಿಯಲ್ಲಿ ನೋಡುವವರಿಗೆ ಲಕೋಟೆಯಷ್ಟೇ ಕಾಣುತ್ತದೆ.

ಸುರಂಗದ ಬಗೆಗಳು ಹಲವು. ಪಿಪಿಟಿಪಿ ಬೇಡವೇ ಬೇಡ. ಅದರ ಬೀಗ ಒಡೆಯುವುದು ಎಷ್ಟು ಸುಲಭ ಅಂತ 2012ರಲ್ಲೇ ತೋರಿಸಿಯಾಗಿದೆ. ಎಲ್2ಟಿಪಿಗೆ ಸ್ವಂತ ಬೀಗವೇ ಇಲ್ಲ, ಐಪಿಸೆಕ್ ಎಂಬ ಬೀಗ ಜೊತೆಗಿರಬೇಕು. ಓಪನ್‌ವಿಪಿಎನ್ ಗಟ್ಟಿ, ಆದರೆ ಸರ್ಟಿಫಿಕೇಟುಗಳ (ಗುರುತಿನ ಫೈಲುಗಳ) ರಗಳೆ ಜಾಸ್ತಿ. ನನ್ನ ಮತ ವೈರ್‌ಗಾರ್ಡ್‌ಗೆ. ಸುಮಾರು 4,000 ಸಾಲಿನ ಕೋಡು, 2020ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ಲಿಗೇ ಸೇರಿತು.

ಮೊದಲು ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಒಂದೇ ಪಬ್ಲಿಕ್ ಐಪಿಯನ್ನು (ಹೊರಗಿನವರಿಗೆ ಕಾಣುವ ವಿಳಾಸವನ್ನು) ಹಲವು ಮನೆಗಳು ಹಂಚಿಕೊಂಡಿವೆ ಎಂದರ್ಥ. ಹೊರಗಿನಿಂದ ಬಾಗಿಲು ತಟ್ಟಲು ಆಗುವುದಿಲ್ಲ. ಇಂಟರ್ನೆಟ್ ಕೊಡುವವರ ಬಳಿ ಸ್ವಂತ ಪಬ್ಲಿಕ್ ಐಪಿ ಕೇಳಿ.

ಕಂಪ್ಯೂಟರಿಗೂ ಫೋನಿಗೂ ವೈರ್‌ಗಾರ್ಡ್ ಹಾಕಿ, ಎರಡರಲ್ಲೂ ಪಬ್ಲಿಕ್, ಪ್ರೈವೇಟ್ ಎಂಬ ಕೀ ಜೋಡಿ ಮಾಡಿಕೊಳ್ಳಿ. ಪಬ್ಲಿಕ್ ಕೀಗಳನ್ನು ಅದಲುಬದಲು ಮಾಡಿ. ಪ್ರೈವೇಟ್ ಕೀ ಇದ್ದಲ್ಲೇ ಇರಲಿ, ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ. ಕಂಪ್ಯೂಟರಿಗೆ 10.8.0.1, ಫೋನಿಗೆ 10.8.0.2 ಎಂದು ಸುರಂಗದೊಳಗಿನ ವಿಳಾಸ ಕೊಡಿ. 192.168.1 ಬಳಸಬೇಡಿ, ನೆಂಟರ ಮನೆಯ ವೈಫೈ ಕೂಡ ಅದೇ ಇದ್ದು ಗೊಂದಲವಾಗುತ್ತದೆ.

'ಅಲೌಡ್ ಐಪಿಸ್' ಎಂಬ ಸಾಲಿನಲ್ಲಿ ಎಡವುವವರೇ ಹೆಚ್ಚು. ಯಾವ ವಿಳಾಸದ ಪ್ಯಾಕೆಟ್ಟು ಸುರಂಗಕ್ಕೆ ಇಳಿಯಬೇಕು ಎನ್ನುವುದನ್ನು ಅದು ಹೇಳುತ್ತದೆ. ಫೋನಿನಲ್ಲಿ 10.8.0.1/32 (/32 ಅಂದರೆ ಆ ಒಂದೇ ವಿಳಾಸ) ಹಾಕಿದರೆ ಮನೆಯ ಕಂಪ್ಯೂಟರಿಗೆ ಹೋಗುವುದಷ್ಟೇ ಇಳಿಯುತ್ತದೆ, ಉಳಿದದ್ದು ಎಂದಿನ ದಾರಿ. 0.0.0.0/0 ಹಾಕಿದರೆ ಎಲ್ಲವೂ ಮನೆಗೇ. ಆಗ ಕಂಪ್ಯೂಟರಿನಲ್ಲಿ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವುದು), ನ್ಯಾಟ್ (ಅದಕ್ಕೆ ಕಂಪ್ಯೂಟರಿನ ವಿಳಾಸ ಅಂಟಿಸುವುದು) ಎರಡೂ ಬೇಕು. ಫೈಲಿಗೆ ಮೊದಲನೆಯದೇ ಸಾಕು. ಕಂಪ್ಯೂಟರಿನ ಕಡೆ ಫೋನಿನ 10.8.0.2/32 ಬರೆಯಿರಿ. ಫೋನಿನ 'ಎಂಡ್‌ಪಾಯಿಂಟ್' ಜಾಗದಲ್ಲಿ ಮನೆಯ ಪಬ್ಲಿಕ್ ಐಪಿ, ಮುಂದೆ ಕೋಲನ್ (:) ಹಾಕಿ ಪೋರ್ಟು, ಅಂದರೆ ಬಾಗಿಲಿನ ಸಂಖ್ಯೆ, 51820.

ರೂಟರಿನಲ್ಲಿ ಆ 51820 ಪೋರ್ಟನ್ನು ಕಂಪ್ಯೂಟರಿಗೆ ತಿರುಗಿಸಿ (ಪೋರ್ಟ್ ಫಾರ್ವರ್ಡಿಂಗ್). ಪ್ಯಾಕೆಟ್ಟು ಸಾಗಿಸುವ ರೀತಿ ಯುಡಿಪಿಯೋ ಟಿಸಿಪಿಯೋ ಎಂದು ಕೇಳಿದರೆ ಯುಡಿಪಿ ಆಯ್ಕೆ ಮಾಡಿ. ನಾನು ಟಿಸಿಪಿ ಒತ್ತಿ ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ. ವೈರ್‌ಗಾರ್ಡ್ ಜಗಳವಾಡುವುದಿಲ್ಲ. ಕೀ ತಪ್ಪಿದ್ದರೂ, ಪೋರ್ಟು ತಪ್ಪಿದ್ದರೂ ಸುಮ್ನೆ ಕೂತುಬಿಡುತ್ತದೆ.

ಈಗ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸುರಂಗ ಶುರು ಮಾಡಿ 10.8.0.1 ತೆರೆಯಲು ನೋಡಿ. 'ಲೇಟೆಸ್ಟ್ ಹ್ಯಾಂಡ್‌ಶೇಕ್' ಎಂಬ ಸಾಲು ಬಂದರೆ ಎರಡೂ ಕಡೆ ಕೈಕುಲುಕಿದವು. ಆದರೂ ದೊಡ್ಡ ಫೈಲು ನಡುವೆ ನಿಂತುಬಿಡುತ್ತಿದೆಯೇ? ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟುಗಳಲ್ಲಿ) 1420 ಇರುವುದನ್ನು 1280ಕ್ಕೆ ಇಳಿಸಿ. ಲಕೋಟೆಯೂ ಜಾಗ ತಿನ್ನುತ್ತದಲ್ಲ.