ಸ್ಟಿಕ್ಕರ್ ಬಿಡಿ, ರ‍್ಯಾಮ್ ಸ್ಲಾಟ್ ನೋಡಿ

ಪ್ರೋಗ್ರಾಮಿಂಗ್ ಕಲಿಯೋಕೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ನಮ್ಮ ಗದಗ, ಹುಬ್ಬಳ್ಳಿ ಕಡೆಯ ಹುಡುಗರು ಆಗಾಗ ಕೇಳುತ್ತಾರೆ. ಬರೀ ಪೈಥಾನ್, ಸಿ, ಜಾವಾ ಅಂದರೆ ಜಾಸ್ತಿ ಯೋಚನೆ ಬೇಡ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸಾಕು. ವರ್ಚುವಲ್ ಮಷಿನ್ (ವಿಎಂ), ಅಂದರೆ ನಮ್ಮ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್, ಓಡಿಸಬೇಕು ಅಂದಾಗ ಲೆಕ್ಕವೇ ಬೇರೆ.

ನಾನು ಲಿನಕ್ಸ್ ಸರ್ವರ್ ಕೆಲಸ ಕಲಿಯಬೇಕಿತ್ತು. ಒಂದು ವಿಎಂನಲ್ಲಿ ವೆಬ್ ಸರ್ವರ್, ಇನ್ನೊಂದರಲ್ಲಿ ಡೇಟಾಬೇಸ್, ಮತ್ತೊಂದರಲ್ಲಿ ಇವೆರಡನ್ನೂ ಪರೀಕ್ಷೆ ಮಾಡೋಕೆ ಉಬುಂಟು ಅನ್ನೋ ಲಿನಕ್ಸ್‌ನ ಡೆಸ್ಕ್‌ಟಾಪ್, ಮೂರೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಒಟ್ಟಿಗೆ ಓಡಬೇಕು. ಕೈಯಲ್ಲಿದ್ದದ್ದು 30 ಸಾವಿರದ ಒಳಗೆ.

ಮೊದಲು ಪೆನ್ನು ಹಿಡಿದು ರ‍್ಯಾಮ್ ಲೆಕ್ಕ ಹಾಕಿದೆ. ಡೆಸ್ಕ್‌ಟಾಪ್‌ಗೆ 4 ಜಿಬಿ, ಎರಡು ಸರ್ವರ್‌ಗೆ ತಲಾ 2, ಅಲ್ಲಿಗೇ 8 ಆಯಿತು. ಇನ್ನು ವಿಂಡೋಸ್, ಬ್ರೌಸರ್, ಕೋಡ್ ಬರೆಯೋ ಎಡಿಟರ್ ಸೇರಿ 5-6 ಜಿಬಿ ತಿನ್ನುತ್ತವೆ. ವಿಎಂಗೆ ಕೊಟ್ಟ ರ‍್ಯಾಮ್ ಬಾಡಿಗೆಗೆ ಕೊಟ್ಟ ಮನೆ ಇದ್ದಂತೆ, ಅದು ಓಡುವಷ್ಟು ಹೊತ್ತು ನಮ್ಮ ಕೈಗೆ ಸಿಗುವುದಿಲ್ಲ. ಹಾಗಾಗಿ 16 ಜಿಬಿಗಿಂತ ಕಡಿಮೆ ಬೇಡ, ಮುಂದೆ 32ಕ್ಕೆ ಹೋಗೋ ದಾರಿಯೂ ಇರಬೇಕು ಅಂತ ಗಟ್ಟಿ ಮಾಡಿಕೊಂಡೆ. ಆಂಡ್ರಾಯ್ಡ್ ಆ್ಯಪ್ ಕಲಿಯುವವರಿಗೂ ಇದೇ ಮಾತು, ಅಲ್ಲಿನ ಎಮ್ಯುಲೇಟರ್ (ಕಂಪ್ಯೂಟರ್ ಮೇಲೆ ಓಡೋ ನಕಲಿ ಫೋನ್) ಕೂಡ ಒಂದು ವಿಎಂ ತಾನೇ.

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಹೊಸ ಲ್ಯಾಪ್‌ಟಾಪ್ ನೋಡಿದೆ. ತೆಳ್ಳಗೆ, ಹಗುರಾಗಿ, ಚೆಂದ ಇತ್ತು. "ಹೊಸಾ ಜನರೇಶನ್ ಐತ್ರಿ, ಭಾಳ ಫಾಸ್ಟ್" ಅಂದರು ಅಂಗಡಿಯವರು. "ರ‍್ಯಾಮ್ ಜಾಸ್ತಿ ಹಾಕಾಕ ಸ್ಲಾಟ್ ಐತೇನ್ರಿ?" ಅಂತ ಕೇಳಿದೆ. "ಇಲ್ರಿ, 8 ಜಿಬಿ ಬೋರ್ಡಿಗೇ ಬೆಸುಗೆ ಹಾಕ್ಯಾರ" ಅಂದರು. ಮುಚ್ಚುಮರೆ ಇಲ್ಲದೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು. ಆದರೆ ಅಲ್ಲಿಗೆ ಆ ಲ್ಯಾಪ್‌ಟಾಪ್ ನನ್ನ ಪಟ್ಟಿಯಿಂದ ಹೋಯಿತು. ಎಷ್ಟೇ ಒಳ್ಳೆಯ ಪ್ರೊಸೆಸರ್ ಇರಲಿ, ರ‍್ಯಾಮ್ ತುಂಬಿದ ಮೇಲೆ ಎಲ್ಲ ಎಸ್‌ಎಸ್‌ಡಿ ಮೇಲೆ ಬೀಳುತ್ತದೆ, ಮೌಸ್ ಕೂಡ ತಡವರಿಸುತ್ತದೆ.

ಆಮೇಲೆ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳ ಕಡೆ ತಿರುಗಿದೆ. ಇಲ್ಲಿ ಇಂಟೆಲ್ ಐ7 ಸ್ಟಿಕ್ಕರ್ ನೋಡಿ ಕೊಳ್ಳುವವರು ಜಾಸ್ತಿ. ಐ7-7500ಯು ಅನ್ನೋ 7ನೇ ಜನರೇಶನ್ ಪ್ರೊಸೆಸರ್‌ನಲ್ಲಿ ಇರೋದು 2 ಕೋರ್ (ಕೆಲಸ ಮಾಡೋ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಮುಂದಿನ ಜನರೇಶನ್‌ನ ಐ5-8250ಯುನಲ್ಲಿ 4 ಕೋರ್, 8 ಥ್ರೆಡ್. ಮೂರು ವಿಎಂ ಹಂಚಿಕೊಂಡು ಓಡುವಾಗ ಆ ಐ5 ಎಷ್ಟೋ ಮೇಲು. ವಿಂಡೋಸ್ 11ಕ್ಕೂ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್ ಮತ್ತು ಅದರ ನಂತರದ್ದೇ ಬೇಕು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ, ಇದನ್ನೂ ನೆನಪಿಡಿ.

ನಾನು ತಗೊಂಡಿದ್ದು ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್. ಇದರಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಎರಡೂ ಬಿಚ್ಚಿ ಹಾಕುವಂಥವು. ಪಕ್ಕದಲ್ಲೇ ಟಿ480ಎಸ್ ಇಟ್ಟಿದ್ದರು, ಅದು ಇನ್ನೂ ಹಗುರ, ನೋಡೋಕೆ ಇನ್ನೂ ಚೆಂದ. ಆದರೆ ಅದರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಖಾಲಿ ಸ್ಲಾಟ್ ಒಂದೇ. ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಒಳಗೆ ಇಷ್ಟು ಬೇರೆ. ಅದಕ್ಕೇ ಹಿಂದಿನ ಕವರ್ ಬಿಚ್ಚಿಸಿ ಕಣ್ಣಾರೆ ನೋಡಿದೆ. 8 ಜಿಬಿಯ ಒಂದು ಸ್ಟಿಕ್ ಇತ್ತು, ಇನ್ನೊಂದು 8 ಅಲ್ಲೇ ಹಾಕಿಸಿದೆ. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಆಗಿ ಡೇಟಾ ಇನ್ನೂ ವೇಗವಾಗಿ ಓಡಾಡುತ್ತದೆ.

ಟಿ480ರಲ್ಲಿ ಇನ್ನೊಂದು ಅನುಕೂಲ ಬ್ಯಾಟರಿ. ಒಳಗೆ ಒಂದು, ಹೊರಗೆ ತೆಗೆದು ಹಾಕೋದು ಒಂದು. ಗದಗಿನ ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ. ಓಡುತ್ತಿರೋ ವಿಎಂ ದಿಢೀರ್ ಅಂತ ಆಫ್ ಆದರೆ ಒಳಗಿನ ಡೇಟಾಬೇಸ್ ಕೆಡಬಹುದು. ಬ್ಯಾಟರಿ ಇದ್ದರೆ ಸೇವ್ ಸ್ಟೇಟ್ ಒತ್ತೋಕೆ ಸಮಯ ಸಿಗುತ್ತದೆ, ಮತ್ತೆ ತೆರೆದಾಗ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಶುರು.

ಡಿಸ್ಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 512 ಜಿಬಿ ಎಸ್‌ಎಸ್‌ಡಿ ಇರಲಿ. ಒಂದೊಂದು ವಿಎಂ 20-25 ಜಿಬಿವರೆಗೆ ಬೆಳೆಯುತ್ತದೆ, ಸ್ನ್ಯಾಪ್‌ಶಾಟ್ (ಆ ಕ್ಷಣದ ವಿಎಂ ಸ್ಥಿತಿಯ ಪ್ರತಿ) ತೆಗೆದಷ್ಟೂ ಮತ್ತೆ ಜಾಗ ಬೇಕು. ಹಳೇ ಹಾರ್ಡ್ ಡಿಸ್ಕ್ ಮೇಲಂತೂ ಮೂರು ವಿಎಂ ಒಟ್ಟಿಗೆ ಶುರು ಮಾಡೋ ಯೋಚನೆಯೇ ಬೇಡ.

ಮನೆಗೆ ತಂದು ವರ್ಚುವಲ್‌ಬಾಕ್ಸ್ ಅನ್ನೋ ವಿಎಂ ಓಡಿಸೋ ಸಾಫ್ಟ್‌ವೇರ್ ಹಾಕಿದಾಗ ವಿಎಂ ಶುರುವೇ ಆಗಲಿಲ್ಲ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಬರೋ ಸೆಟ್ಟಿಂಗ್‌ನಲ್ಲಿ, ವಿಎಂಗೆ ಬೇಕಾದ ವರ್ಚುವಲೈಸೇಶನ್ ಆಫ್ ಇತ್ತು. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್1 ಒತ್ತಿ, ಸೆಕ್ಯುರಿಟಿ ಒಳಗೆ ಅದನ್ನು ಆನ್ ಮಾಡಿದೆ. ಎಎಮ್‌ಡಿ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಎಸ್‌ವಿಎಂ ಅಂತ ಹೆಸರಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪುಟ ತೆರೆದರೆ ಆನ್ ಆಗಿದೆಯೋ ಇಲ್ಲವೋ ಕಾಣುತ್ತದೆ. ಇಷ್ಟಾದರೂ ವಿಎಂ ನಿಧಾನ ಅನ್ನಿಸಿತು. ನೋಡಿದರೆ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಹಸಿರು ಆಮೆಯ ಚಿತ್ರ! ಹಿನ್ನೆಲೆಯಲ್ಲಿ ವಿಂಡೋಸ್‌ನದೇ ವಿಎಂ ವ್ಯವಸ್ಥೆ ಹೈಪರ್-ವಿ ಓಡುತ್ತಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹೋಗುತ್ತಿದೆ ಅನ್ನೋ ಗುರುತು ಅದು. ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ಅನ್ನೋ ರಕ್ಷಣೆ ಆನ್ ಇದ್ದರೂ ಹೀಗೆ ಆಗುತ್ತದೆ. ಆ ರಕ್ಷಣೆ ಬೇಕೇ ಬೇಕು, ಆಫ್ ಮಾಡೋಕೆ ಮನಸ್ಸಾಗಲಿಲ್ಲ. ಅದರ ಬದಲು ಇಡೀ ಲ್ಯಾಪ್‌ಟಾಪ್‌ಗೇ ಉಬುಂಟು ಹಾಕಿ, ಲಿನಕ್ಸ್‌ನದೇ ವಿಎಂ ವ್ಯವಸ್ಥೆಯಾದ ಕೆವಿಎಂ ಮೇಲೆ ವಿಎಂ ಓಡಿಸತೊಡಗಿದೆ. ಲಿನಕ್ಸ್ ಕಲಿಯುವವನಿಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಯಾವುದಿದೆ?

ಆ್ಯಪಲ್‌ನ ಎಮ್ ಸರಣಿ ಬಗ್ಗೆ ಕೇಳುವವರಿಗೆ ಒಂದೇ ಮಾತು. ಲ್ಯಾಪ್‌ಟಾಪ್ ಬಹಳ ಚೆನ್ನಾಗಿದೆ, ಆದರೆ ಅದರಲ್ಲಿರೋದು ಆರ್ಮ್ ಪ್ರೊಸೆಸರ್, ಇಂಟೆಲ್, ಎಎಮ್‌ಡಿಯ ಎಕ್ಸ್86ಗಿಂತ ಬೇರೆ ಜಾತಿಯದ್ದು. ಕೋರ್ಸ್‌ನವರು ಕೊಡೋ ಎಕ್ಸ್86 ವಿಎಂ ಫೈಲ್ ಅದರಲ್ಲಿ ಸಹಜ ವೇಗದಲ್ಲಿ ಓಡುವುದಿಲ್ಲ.

ಹಳೇ ಲ್ಯಾಪ್‌ಟಾಪ್ ತಗೊಳ್ಳೋಕೆ ಹೋಗುವಾಗ ಉಬುಂಟು ಹಾಕಿದ ಪೆನ್‌ಡ್ರೈವ್ ಜೇಬಲ್ಲಿರಲಿ. ಅದರಿಂದಲೇ ಬೂಟ್ ಮಾಡಿ ವೈಫೈ, ಕೀಬೋರ್ಡ್, ಸ್ಪೀಕರ್ ನೋಡಿ. ಬಯೋಸ್ ತೆರೆಯುವಾಗ ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರು ಅಲ್ಲೇ ತೆಗೆದು ಕೊಡದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗ ಎಷ್ಟಿತ್ತು, ಈಗ ಎಷ್ಟು ತುಂಬುತ್ತದೆ ಎರಡನ್ನೂ ಹೋಲಿಸಿ. ವಾರಂಟಿ ಎಷ್ಟು ತಿಂಗಳು ಅನ್ನೋದನ್ನು ಸೀರಿಯಲ್ ನಂಬರ್ ಜೊತೆ ಬಿಲ್ ಮೇಲೆಯೇ ಬರೆಸಿಕೊಳ್ಳಿ.