ಓಡದ ‘ರನ್’: ಒಂದೇ ಪದದ ನೂರಾರು ಅರ್ಥಗಳಲ್ಲಿ ಸರಿಯಾದುದನ್ನು ಹಿಡಿಯುವ ಬಗೆ

ಇಂಗ್ಲಿಷ್ ಕಲಿಯುವವರೆಲ್ಲ ‘ರನ್’ ಎಂದರೆ ‘ಓಡು’ ಎಂದು ಮೊದಲ ಪಾಠಗಳಲ್ಲೇ ಕಲಿತುಬಿಡುತ್ತಾರೆ. ತೊಡಕು ಶುರುವಾಗುವುದು ಆಮೇಲೆ, ಮೂಗು, ನಲ್ಲಿ, ರಸ್ತೆ, ಜ್ವರ ಹೀಗೆ ಕಾಲಿಲ್ಲದ ವಸ್ತುಗಳೆಲ್ಲ ಆ ಪದದ ಜೊತೆಗೆ ಕಾಣಿಸಿಕೊಳ್ಳತೊಡಗಿದಾಗ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಪದ ‘ಸೆಟ್’. ಮುಂದಿನ ಪರಿಷ್ಕರಣೆಯಲ್ಲಿ ಆ ಸ್ಥಾನ ‘ರನ್’ ಪದಕ್ಕೆ ಬಂತು, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು ದಾಖಲಾದವು. ಇಷ್ಟನ್ನು ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಅದರ ಅಗತ್ಯವೂ ಇಲ್ಲ. ವಾಕ್ಯದಲ್ಲಿ ಎಲ್ಲಿ ಕಣ್ಣಿಡಬೇಕು ಎಂಬುದು ತಿಳಿದರೆ ಅರ್ಥ ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ.

ಮೊದಲು ಕರ್ತೃವನ್ನು ನೋಡಿ. ‘ರನ್’ ಮಾಡುತ್ತಿರುವುದು ಮನುಷ್ಯನೋ ಪ್ರಾಣಿಯೋ ಆಗಿದ್ದರೆ ‘ಓಡು’ ಸರಿಹೋಗಬಹುದು. ನೀರು, ನಲ್ಲಿ, ಮೂಗು ಆಗಿದ್ದರೆ ಅಲ್ಲಿರುವುದು ಹರಿಯುವ ಅರ್ಥ: ನದಿ ಹರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ, ಮೂಗು ಸೋರುತ್ತದೆ. ಇದು ಓಟದಿಂದ ಎಳೆದು ತಂದ ಅಲಂಕಾರದ ಮಾತು ಎಂದು ನಮಗೆ ತೋರುತ್ತದೆ, ಆದರೆ ಹಳೆಯ ಇಂಗ್ಲಿಷಿನ ‘ರಿನ್ನನ್’ ಎಂಬ ಮೂಲರೂಪದಲ್ಲೇ ಓಡುವುದು, ಹರಿಯುವುದು ಎರಡೂ ಸೇರಿದ್ದವು. ಅದರ ಬಂಧುವಾದ ಜರ್ಮನ್ ಭಾಷೆಯ ‘ರಿನ್ನೆನ್’ ಪದಕ್ಕೆ ಇಂದಿಗೂ ಹರಿಯುವುದೆಂದೇ ಅರ್ಥ. ನನ್ನ ಅನುಭವದಲ್ಲಿ, ‘ಓಡು’ವಿನ ಪಕ್ಕದಲ್ಲಿ ‘ಹರಿ’ಯನ್ನೂ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ. ವಾಹನವೊಂದು ಯಾರನ್ನಾದರೂ ‘ರನ್ ಓವರ್’ ಮಾಡಿದರೆ ನಾವು ‘ಅವರ ಮೇಲೆ ಲಾರಿ ಹರಿಯಿತು’ ಎಂದೇ ಹೇಳುತ್ತೇವಲ್ಲವೇ?

ಎರಡನೆಯದಾಗಿ, ಆ ಕ್ರಿಯಾಪದಕ್ಕೆ ಕರ್ಮವಿದೆಯೇ ಎಂದು ನೋಡಬೇಕು. ಕನ್ನಡದಲ್ಲಿ ‘ಓಡು’ ಬೇರೆ, ‘ಓಡಿಸು’ ಬೇರೆ. ‘ನಡೆ’ ಬೇರೆ, ‘ನಡೆಸು’ ಬೇರೆ. ‘ಇಸು’ ಪ್ರತ್ಯಯವೇ ವ್ಯತ್ಯಾಸವನ್ನು ಕಿವಿಗೆ ಮುಟ್ಟಿಸುತ್ತದೆ. ಇಂಗ್ಲಿಷಿನ ‘ರನ್’ ಪದಕ್ಕೆ ಅಂಥ ಗುರುತಿಲ್ಲವಾದ್ದರಿಂದ ‘ಶಿ ರನ್ಸ್ ಫಾಸ್ಟ್’ ಎಂಬಲ್ಲಿ ಆಕೆ ವೇಗವಾಗಿ ಓಡುತ್ತಾಳೆ, ‘ಶಿ ರನ್ಸ್ ಎ ಸ್ಕೂಲ್’ ಎಂಬಲ್ಲಿ ಆಕೆ ಶಾಲೆ ನಡೆಸುತ್ತಾಳೆ. ಕರ್ಮವಾಗಿ ಸಂಸ್ಥೆ ಬಂದರೆ ‘ನಡೆಸು’, ಯಂತ್ರ ಬಂದರೆ ‘ಓಡಿಸು’ ಅಥವಾ ‘ಚಾಲೂ ಮಾಡು’, ಪರೀಕ್ಷೆ ಅಥವಾ ಪ್ರಯೋಗ ಬಂದರೆ ‘ಮಾಡು’, ಪತ್ರಿಕೆಯ ಸುದ್ದಿ ಬಂದರೆ ‘ಪ್ರಕಟಿಸು’. ಆದರೆ ‘ಶಿ ಈಸ್ ರನ್ನಿಂಗ್ ಎ ಟೆಂಪರೇಚರ್’ ಎಂಬುದು ಈ ಸಾಲಿಗೆ ಸೇರುವುದಿಲ್ಲ. ಆಕೆ ಏನನ್ನೂ ನಡೆಸುತ್ತಿಲ್ಲ, ಆಕೆಗೆ ಜ್ವರ ಬಂದಿದೆ. ಇಂಗ್ಲಿಷಿನಲ್ಲಿ ಕರ್ತೃವಾಗಿದ್ದವಳು ಕನ್ನಡದಲ್ಲಿ ಚತುರ್ಥಿ ವಿಭಕ್ತಿಗೆ ಸರಿಯುತ್ತಾಳೆ.

ಕಾಲರೂಪವೂ ಒಳ್ಳೆಯ ಸುಳಿವು ಕೊಡುತ್ತದೆ. ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’ ಎಂಬ ವಾಕ್ಯದಲ್ಲಿ ರಸ್ತೆ ಚಲಿಸುತ್ತಿಲ್ಲ. ಅದು ನದಿಯ ದಡದುದ್ದಕ್ಕೂ ಚಾಚಿಕೊಂಡಿದೆ. ಇಂಥ ಸ್ಥಿರವಾದ ಚಾಚುವಿಕೆಯನ್ನು ಹೇಳುವಾಗ ಇಂಗ್ಲಿಷ್ ಸಾಮಾನ್ಯವಾಗಿ ಸರಳ ವರ್ತಮಾನ ಕಾಲವನ್ನೇ ಬಳಸುತ್ತದೆ. ‘ದ ರೋಡ್ ಈಸ್ ರನ್ನಿಂಗ್’ ಎಂದರೆ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ನಲ್ಲಿಯ ವಿಷಯದಲ್ಲಿ ಮಾತ್ರ ‘ಈಸ್ ರನ್ನಿಂಗ್’ ಎನ್ನುವುದು ಸಹಜ, ಏಕೆಂದರೆ ನೀರು ಈಗ, ಈ ಕ್ಷಣದಲ್ಲಿ ಸುರಿಯುತ್ತಿದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ‘ರನ್’ ಆದ ಮೇಲೆ ಬರುವ ಪುಟ್ಟ ಪದಗಳ ಬಗ್ಗೆ. ‘ವಿ ರ‍್ಯಾನ್ ಔಟ್ ಆಫ್ ದ ರೂಮ್’ ಎಂದರೆ ನಾವು ಕೋಣೆಯಿಂದ ಹೊರಗೆ ಓಡಿದೆವು. ‘ವಿ ರ‍್ಯಾನ್ ಔಟ್ ಆಫ್ ಪೇಪರ್’ ಎಂದರೆ ನಮ್ಮಲ್ಲಿದ್ದ ಕಾಗದ ಮುಗಿದುಹೋಯಿತು. ಬದಲಾದದ್ದು ಕೊನೆಯ ನಾಮಪದವೊಂದೇ. ಹೊರಬರಲು ಸಾಧ್ಯವಿರುವ ಜಾಗವಾದರೆ ಓಟ, ಖರ್ಚಾಗುವ ವಸ್ತುವಾದರೆ ಮುಗಿಯುವಿಕೆ ಎಂದು ಇಲ್ಲಿ ನಿರ್ಧರಿಸಬಹುದು. ‘ರನ್ ಇನ್‌ಟು’ ಎಂಬುದಕ್ಕೂ ಹೀಗೆಯೇ: ಹಳೆಯ ಗೆಳೆಯನಾದರೆ ಅಕಸ್ಮಾತ್ತಾಗಿ ಸಿಕ್ಕ, ಗೋಡೆಯಾದರೆ ಡಿಕ್ಕಿ ಹೊಡೆಯಿತು, ತೊಂದರೆಯಾದರೆ ಎದುರಾಯಿತು. ‘ರನ್ ಓವರ್’ ಕೂಡ ಎಲ್ಲೆಡೆ ಅಪಘಾತವಲ್ಲ; ಸಭೆ ‘ರನ್ ಓವರ್’ ಆದರೆ ಅದು ನಿಗದಿತ ಸಮಯ ಮೀರಿತೆಂದಷ್ಟೇ.

ನಾಮಪದವಾದ ‘ರನ್’ ಅಷ್ಟು ಕಾಡುವುದಿಲ್ಲ. ಕ್ರಿಕೆಟ್ಟಿನ ರನ್ ಕನ್ನಡದ್ದೇ ಪದವಾಗಿಬಿಟ್ಟಿದೆ. ಬ್ಯಾಂಕಿನ ಮೇಲೆ ‘ರನ್’ ಆಯಿತೆಂದರೆ, ಬ್ಯಾಂಕು ಮುಳುಗೀತೆಂಬ ಭಯದಿಂದ ಠೇವಣಿದಾರರು ಒಮ್ಮೆಗೇ ಹಣ ಹಿಂಪಡೆಯಲು ಮುಗಿಬಿದ್ದರೆಂದು ಅರ್ಥ. ಚುನಾವಣೆಯ ಮಾತಿನಲ್ಲಿ ಒಂದು ಸ್ವಾರಸ್ಯವಿದೆ: ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡಿದರೆ ಬ್ರಿಟನ್ನಿನಲ್ಲಿ ಸಾಂಪ್ರದಾಯಿಕವಾಗಿ ‘ಸ್ಟ್ಯಾಂಡ್’ ಮಾಡುತ್ತಾನೆ, ಮತ್ತು ನಾವೂ ಚುನಾವಣೆಗೆ ‘ನಿಲ್ಲುತ್ತೇವೆ’.

ನಿಘಂಟು ತೆರೆಯುವಾಗ ಮೊದಲ ಅರ್ಥಕ್ಕೇ ಜೋತುಬೀಳಬೇಡಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಅರ್ಥಗಳನ್ನು ಐತಿಹಾಸಿಕ ಕ್ರಮದಲ್ಲಿ ಜೋಡಿಸುವುದರಿಂದ ಮೊದಲಿಗೆ ಸಿಗುವುದು ಅತಿ ಹಳೆಯ ಅರ್ಥವಾಗಿರಬಹುದು, ಅತಿ ಬಳಕೆಯದಲ್ಲ. ನಾಮಪದವೋ ಕ್ರಿಯಾಪದವೋ, ಸಕರ್ಮಕವೋ ಅಕರ್ಮಕವೋ ಎಂದು ಮೊದಲು ಗೊತ್ತುಮಾಡಿಕೊಂಡು ಆ ವಿಭಾಗದೊಳಗಷ್ಟೇ ಹುಡುಕಿ. ಪುಟ್ಟ ಪದ ಜೊತೆಗಿದ್ದರೆ ನಮೂದಿನ ಕೊನೆಯ ಭಾಗಕ್ಕೆ ಹೋಗಿ. ಸಿಕ್ಕ ಅರ್ಥವನ್ನು ಬರಿಯ ಪದವಾಗಿ ಬರೆದಿಡುವ ಬದಲು ಪೂರ್ತಿ ವಾಕ್ಯವನ್ನು, ಅದರ ಕೆಳಗೆ ನಿಮ್ಮ ಮನೆಮಾತಿನ ಸಹಜ ಕ್ರಿಯಾಪದವನ್ನು ಬರೆಯಿರಿ. ‘ದ ಕಲರ್ಸ್ ರ‍್ಯಾನ್’ ಎಂಬುದರ ಕೆಳಗೆ ‘ಬಣ್ಣಗಳು ಓಡಿದವು’ ಎಂದು ಬರೆದ ಕೈ ತಾನಾಗಿಯೇ ತಡೆಯುತ್ತದೆ, ಅದನ್ನು ಹೊಡೆದುಹಾಕಿ ‘ಬಟ್ಟೆ ಬಣ್ಣ ಬಿಟ್ಟಿತು’ ಎಂದು ಬರೆಯುತ್ತದೆ.